ದೂರವಾಣಿಯ ಯಂತ್ರಧ್ವನಿಯೂ ಕನ್ನಡದ ಅಕ್ಷರವೂ

ಹುಮನಾಬಾದಿನ ಪೇಟೆಯಲ್ಲಿ ತೊಗರಿಯನ್ನು ಮಾರಿದ ವೃದ್ಧ ರೈತನೊಬ್ಬನು, ಹಣವು ತನ್ನ ಖಾತೆಗೆ ಬಂದಿತೋ ಇಲ್ಲವೋ ಎಂದು ತಿಳಿಯಲು ಫೋನನ್ನು ಕೈಗೆತ್ತಿಕೊಂಡನೆಂದು ವಾಚಕರು ಭಾವಿಸಿಕೊಳ್ಳಬೇಕು. ಆ ಕಡೆಯಿಂದ ಮಾತನಾಡುವುದು ಮನುಷ್ಯನಲ್ಲ, ಯಂತ್ರ. "ಕನ್ನಡಕ್ಕಾಗಿ ಎರಡನ್ನು ಒತ್ತಿ" ಎಂದು ಅದು ಹೇಳುತ್ತದೆ; ಅವನು ಒತ್ತುತ್ತಾನೆ. ಯಂತ್ರವು ಇಂಪಾದ ಕನ್ನಡದಲ್ಲಿ ಸ್ವಾಗತ ಹೇಳಿ, ಎರಡು ಮೂರು ಪ್ರಶ್ನೆಗಳನ್ನು ಕೇಳಿ, ಕಟ್ಟಕಡೆಗೆ ಬ್ಯಾಂಕಿನ ಶಾಖೆಯ ಸಂಕೇತವನ್ನು ಒಂದೊಂದೇ ಅಕ್ಷರವಾಗಿ ಉಚ್ಚರಿಸಬೇಕೆಂದು ಅಪ್ಪಣೆ ಮಾಡುತ್ತದೆ. ಆ ಸಂಕೇತವಿರುವುದು ಇಂಗ್ಲಿಷಿನಲ್ಲಿ. ರೈತನು ಪಾಸ್‌ಬುಕ್ಕನ್ನು ನೋಡಿ "ಬಿ" ಎನ್ನುತ್ತಾನೆ. ಯಂತ್ರವು "ಡಿ" ಎಂದು ತಿಳಿಯುತ್ತದೆ.

ಪಕ್ಕದಲ್ಲಿದ್ದ ಮೊಮ್ಮಗನು, "ಹಂಗಲ್ಲ ಮುತ್ಯಾ, ಬಿ ಫಾರ್ ಬಾಲ್ ಅನ್ನು" ಎಂದು ತಿದ್ದುತ್ತಾನೆ. "ಯಾತರ ಬಾಲೋ ತಮ್ಮಾ?" ಎಂದು ಮುದುಕನು ಕೇಳುವಷ್ಟರಲ್ಲಿ ಯಂತ್ರವು, "ಕ್ಷಮಿಸಿ, ನಿಮ್ಮ ಮಾತು ಅರ್ಥವಾಗಲಿಲ್ಲ" ಎಂದು ಅತ್ಯಂತ ಶುದ್ಧವಾದ ಕನ್ನಡದಲ್ಲಿಯೇ ನುಡಿದು ಕರೆಯನ್ನು ಕತ್ತರಿಸುತ್ತದೆ.

ಪ್ರಸಂಗವು ನಗೆಯದಾದರೂ ಪರಿಣಾಮವು ನಗೆಯದಲ್ಲ. ಒಂದು ಅಕ್ಷರವು ತಪ್ಪಿದರೆ ಪಿಂಚಣಿಯು ನಿಲ್ಲುತ್ತದೆ. ಒಂದು ದಿನದ ಕೂಲಿಯನ್ನು ಕಳೆದುಕೊಂಡು ತಾಲ್ಲೂಕಿನ ಊರಿಗೆ ಬಸ್ಸಿನಲ್ಲಿ ಹೋಗಿ, ಸಾಲಿನಲ್ಲಿ ನಿಂತು, ಅದೇ ಅಕ್ಷರವನ್ನು ಮತ್ತೊಬ್ಬರಿಂದ ಬರೆಯಿಸಬೇಕಾಗುತ್ತದೆ. ಆದರೂ ಇಂಥ ಯಂತ್ರಗಳನ್ನು ನಿಲ್ಲಿಸಿದವರು, "ಕನ್ನಡದ ಸೌಕರ್ಯವನ್ನು ಒದಗಿಸಿದ್ದೇವೆ" ಎಂದು ಎದೆಯುಬ್ಬಿಸಿ ಹೇಳುತ್ತಾರೆ. ಅವರು ಒದಗಿಸಿರುವುದು ಕನ್ನಡದ ಬಾಯಿಯನ್ನು ಮಾತ್ರ. ಕಿವಿಯು ಪರಭಾಷೆಯದಾಗಿಯೇ ಉಳಿದಿದೆ. ಹೇಳಬಲ್ಲುದಾದರೂ ಕೇಳಲಾರದ ಕನ್ನಡವು ಸೌಕರ್ಯವೆನಿಸುವುದಿಲ್ಲ.

ಅಕ್ಷರಗಳ ಈ ಕಾಟವು ಎಲ್ಲೆಲ್ಲಿ ಉಂಟೆಂಬುದನ್ನು ಮೊದಲು ಎಣಿಸಬೇಕು. ಬ್ಯಾಂಕಿನ ಶಾಖಾಸಂಕೇತದಲ್ಲಿ ೧೧ ಸ್ಥಾನಗಳಿವೆ. ಮೊದಲಿನ ೪ ಸ್ಥಾನಗಳು ಇಂಗ್ಲಿಷ್ ಅಕ್ಷರಗಳು, ೫ನೆಯದು ಸೊನ್ನೆ. ಆ ಸೊನ್ನೆಯನ್ನು "ಓ" ಎಂದು ಓದಿ ಕೆಟ್ಟವರು ಎಷ್ಟೋ ಮಂದಿ. ಆದಾಯ ತೆರಿಗೆಯ ಪ್ಯಾನ್ ಸಂಕೇತದಲ್ಲಿ ೧೦ ಸ್ಥಾನಗಳು: ೫ ಅಕ್ಷರ, ೪ ಅಂಕ, ಮತ್ತೆ ೧ ಅಕ್ಷರ. ಮತದಾರರ ಗುರುತಿನ ಚೀಟಿಯಲ್ಲಿ ೩ ಅಕ್ಷರಗಳೂ ೭ ಅಂಕಗಳೂ ಇವೆ. ಬೀದರದ ವಾಹನಕ್ಕೆ ಕೆಎ ೩೮, ಬಸವಕಲ್ಯಾಣದ ವಾಹನಕ್ಕೆ ಕೆಎ ೫೬ ಎಂಬ ಮೊದಲಿನ ಗುರುತಿದ್ದು, ಮುಂದೆ ಮತ್ತೆ ಅಕ್ಷರಗಳು ಬರುತ್ತವೆ. ಇವೆಲ್ಲಕ್ಕಿಂತ ಮಿಗಿಲಾದ ತೊಡಕು ಹೆಸರಿನದು. ಲಕ್ಷ್ಮಿಯೆಂಬ ಹೆಸರಿನ ಕ್ಷಕಾರವನ್ನು ಇಂಗ್ಲಿಷಿನಲ್ಲಿ ಮೂರು ಅಕ್ಷರಗಳಿಂದ ಬರೆಯುವವರೂ ಉಂಟು, "ಎಕ್ಸ್" ಎಂಬ ಒಂದರಿಂದಲೇ ಮುಗಿಸುವವರೂ ಉಂಟು. ಬಸವಕಲ್ಯಾಣದ ಕಡೆಯ ಅಕಾರವನ್ನು ಕೆಲವರು ಹಚ್ಚುತ್ತಾರೆ, ಕೆಲವರು ಬಿಡುತ್ತಾರೆ. ಊರಿನ ಹೆಸರಿಗೇ ಈ ಗತಿಯಾದರೆ ಊರಿನವರ ಹೆಸರಿನ ಗತಿಯೇನು?

ಇನ್ನು ದೋಷದ ಮೂಲವನ್ನು ವಿಚಾರಿಸಬೇಕು. ಇಂಗ್ಲಿಷ್ ಅಕ್ಷರಗಳ ಹೆಸರುಗಳಲ್ಲಿ ಬಿ, ಸಿ, ಡಿ, ಇ, ಜಿ, ಪಿ, ಟಿ, ವಿ ಎಂಬ ಎಂಟೂ ಒಂದೇ ಸ್ವರದಲ್ಲಿ ಮುಗಿಯುತ್ತವೆ. ಇವುಗಳಲ್ಲಿ ಒಂದನ್ನು ಇನ್ನೊಂದರಿಂದ ಬೇರ್ಪಡಿಸುವುದು ಮೊದಲಿನ ಒಂದು ಕ್ಷಣದ ವ್ಯಂಜನ ಮಾತ್ರ. ಎಮ್ಮು–ಎನ್ನುಗಳೂ ಎಫ್ಫು–ಎಸ್ಸುಗಳೂ ಹಾಗೆಯೇ ಜೋಡಿಯಾಗಿ ಕಾಡುತ್ತವೆ. ಇದರ ಮೇಲೆ, ಹಳೆಯ ಕ್ರಮದ ದೂರವಾಣಿಯು ಸೆಕೆಂಡಿಗೆ ಸುಮಾರು ೩೦೦ರಿಂದ ೩೪೦೦ರ ವರೆಗಿನ ಕಂಪನಗಳನ್ನು ಮಾತ್ರ ಸಾಗಿಸತಕ್ಕದ್ದು. "ಸ್" ಎಂಬ ಊಷ್ಮದ ಸೀಟಿಯು ಬಹುಮಟ್ಟಿಗೆ ಅದಕ್ಕಿಂತ ಮೇಲಿನದು. ಆದುದರಿಂದ ಎಸ್ಸನ್ನು ಎಫ್ಫಿನಿಂದ ಬೇರ್ಪಡಿಸುವ ಗುರುತೇ ತಂತಿಯಲ್ಲಿ ಕಳೆದುಹೋಗುತ್ತದೆ. ಮಾತಿನ ನಡುವೆ ಹೀಗಾದರೆ ಮನುಷ್ಯನು ಅರ್ಥದ ಬಲದಿಂದ ಊಹಿಸಿಕೊಳ್ಳುತ್ತಾನೆ. ಸಂಕೇತಕ್ಕೆ ಅರ್ಥವೇ ಇಲ್ಲವಾದುದರಿಂದ ಅಲ್ಲಿ ಊಹೆಗೆ ಆಧಾರವಿಲ್ಲ.

ಈ ಕಷ್ಟಕ್ಕೆ ಲೋಕವು ಕಂಡುಕೊಂಡ ಪರಿಹಾರವೆಂದರೆ ಅಕ್ಷರಕ್ಕೆ ಬದಲಾಗಿ ಪದವನ್ನು ಹೇಳುವುದು. ವಿಮಾನಗಳವರಿಗಾಗಿ ಅಂತರರಾಷ್ಟ್ರೀಯ ಸಂಸ್ಥೆಯು ಆಲ್ಫಾ, ಬ್ರಾವೋ, ಚಾರ್ಲಿ ಎಂದು ಮೊದಲಾಗುವ ೨೬ ಪದಗಳ ಮಾಲೆಯನ್ನು ೧೯೫೬ರಲ್ಲಿ ಜಾರಿಗೆ ತಂದಿತು. ಭಾರತದಲ್ಲಿ ಜನರು ತಮ್ಮಷ್ಟಕ್ಕೆ ತಾವೇ "ಎ ಫಾರ್ ಆ್ಯಪಲ್, ಬಿ ಫಾರ್ ಬಾಂಬೆ" ಎಂದು ರೂಢಿಸಿಕೊಂಡರು. ಈ ರೂಢಿಯು ಮನುಷ್ಯನಿಗೆ ಸಾಕು, ಯಂತ್ರಕ್ಕೆ ಸಾಲದು. ಯಾವ ಪದಗಳು ಬರಬಹುದೆಂದು ಮೊದಲೇ ಪಟ್ಟಿಮಾಡಿ ಕಲಿಸಿದ್ದರೆ ಅದು ಚೆನ್ನಾಗಿ ಗುರುತಿಸುತ್ತದೆ, ಕಲಿಸದಿದ್ದರೆ ತಬ್ಬಿಬ್ಬಾಗುತ್ತದೆ. "ಫಾರ್" ಎಂಬ ನಡುವಿನ ಮಾತನ್ನೇ "ಫೋರ್" ಎಂದು ತಿಳಿದು ನಾಲ್ಕನ್ನು ಸೇರಿಸಿದರೂ ಆಶ್ಚರ್ಯವಿಲ್ಲ. ಆದುದರಿಂದ ಪ್ರಶ್ನೆಯು ಇಷ್ಟು: ಕನ್ನಡ ನಾಡಿನಲ್ಲಿ ಯಂತ್ರಕ್ಕೆ ಕಲಿಸತಕ್ಕ ಪಟ್ಟಿಯು ಯಾರದು?

ಇಲ್ಲಿ ಮೂರು ಪೂರ್ವಪಕ್ಷಗಳುಂಟು.

ಮೊದಲನೆಯ ಪಕ್ಷದವರು ಹೇಳುವುದು: "ಆಲ್ಫಾ–ಬ್ರಾವೋ ಮಾಲೆಯು ಸರ್ವಲೋಕಮಾನ್ಯವಾದುದು, ಅದನ್ನೇ ಎಲ್ಲರೂ ಕಲಿಯಲಿ, ಪ್ರತಿಯೊಂದು ಭಾಷೆಗೂ ಒಂದೊಂದು ಪಟ್ಟಿಯೇಕೆ?" ಇದಕ್ಕೆ ಸಮಾಧಾನವೇನೆಂದರೆ, ಆ ಮಾಲೆಯು ಹುಟ್ಟಿದುದು ಶಿಕ್ಷಣ ಪಡೆದು ಪರೀಕ್ಷೆ ಕೊಟ್ಟ ವಿಮಾನ ಚಾಲಕರಿಗಾಗಿ, ತೊಗರಿ ಬೆಳೆಯುವವರಿಗಾಗಿ ಅಲ್ಲ. ಅಷ್ಟೇ ಅಲ್ಲ, ಅದನ್ನು ರಚಿಸಿದವರೇ ಈ ಆಕ್ಷೇಪಕರಂತೆ ಹಟ ಹಿಡಿದವರಲ್ಲ. ಇಂಗ್ಲಿಷ್, ಫ್ರೆಂಚ್, ಸ್ಪ್ಯಾನಿಷ್ ಮಾತನಾಡುವವರೆಲ್ಲರ ನಾಲಗೆಗೂ ಕಿವಿಗೂ ಹೊಂದಬೇಕೆಂದು ಅವರು ಪದಗಳನ್ನು ಆಯ್ದರು. ೧೯೫೧ರಲ್ಲಿ ಬಳಕೆಗೆ ತಂದ ಮಾಲೆಯಲ್ಲಿ ಕೋಕಾ, ಮೆಟ್ರೋ, ನೆಕ್ಟರ್, ಯೂನಿಯನ್, ಎಕ್ಸ್‌ಟ್ರಾ ಎಂಬ ಐದು ಪದಗಳು ಸರಿಹೋಗಲಿಲ್ಲವೆಂದು ಕಂಡಾಗ ಅವನ್ನು ತೆಗೆದು ಬೇರೆಯವನ್ನು ಇಟ್ಟರು. ಜೂಲಿಯೆಟ್ ಎಂಬ ಪದದ ಕಡೆಯ ಟಕಾರವನ್ನು ಫ್ರೆಂಚರು ನುಂಗದಿರಲೆಂದು ಅದನ್ನು ದ್ವಿತ್ವವಾಗಿ ಬರೆದರು; ಆಲ್ಫಾದ ಫಕಾರವು ಯಾರಿಗೂ ಅನುಮಾನಕ್ಕೆ ಎಡೆಗೊಡದಿರಲೆಂದು ಇಂಗ್ಲಿಷಿನ ಕಾಗುಣಿತವನ್ನೇ ಬದಲಿಸಿದರು. ಫ್ರೆಂಚರ ಕಿವಿಗಾಗಿ ಇಂಗ್ಲಿಷು ಬಾಗಬಹುದಾದರೆ ಕನ್ನಡಿಗರ ಕಿವಿಗಾಗಿ ಯಂತ್ರವು ಏಕೆ ಬಾಗಬಾರದು?

ಮೇಲಾಗಿ, ಆ ಮಾಲೆಯನ್ನು ಚೆನ್ನಾಗಿ ಬಲ್ಲ ದೇಶಗಳೂ ಮನೆಯ ವ್ಯವಹಾರಕ್ಕೆ ತಮ್ಮದನ್ನೇ ಇಟ್ಟುಕೊಂಡಿವೆ. ಇಟಲಿಯವರು ಅಂಕೋನಾ, ಬೊಲೋನ್ಯಾ, ಕೋಮೋ ಎಂದು ತಮ್ಮ ಊರುಗಳ ಹೆಸರಿನಿಂದ ಅಕ್ಷರಗಳನ್ನು ಬಿಡಿಸಿ ಹೇಳುತ್ತಾರೆ. ಜರ್ಮನಿಯಲ್ಲಿ ಹಿಂದೆ ವ್ಯಕ್ತಿನಾಮಗಳ ಮಾಲೆಯೊಂದಿತ್ತು. ೧೯೩೪ರಲ್ಲಿ ಅಲ್ಲಿನ ನಾಟ್ಸಿ ಆಡಳಿತವು ಡೇವಿಡ್, ನಾಥಾನ್, ಸಾಮ್ಯುಯೆಲ್ ಮೊದಲಾದ ಯೆಹೂದ್ಯ ಹೆಸರುಗಳನ್ನು ಅದರಿಂದ ಕಿತ್ತುಹಾಕಿತು. ಆ ಕಳಂಕವನ್ನು ತೊಳೆಯಬೇಕೆಂಬ ಚರ್ಚೆ ನಡೆದು, ೨೦೨೨ರಲ್ಲಿ ಅಲ್ಲಿಯ ಮಾನಕ ಸಂಸ್ಥೆಯು ಆಹೆನ್, ಬರ್ಲಿನ್ ಎಂದು ಊರುಗಳ ಹೆಸರಿನಿಂದ ಆಗುವ ಹೊಸ ಮಾಲೆಯನ್ನು ಪ್ರಕಟಿಸಿತು. ಫೋನಿನಲ್ಲಿ ಅಕ್ಷರವನ್ನು ಬಿಡಿಸಿ ಹೇಳುವ ಪದಗಳು ಕ್ಷುಲ್ಲಕವೆಂದು ತಿಳಿಯುವವರು ಈ ಇತಿಹಾಸವನ್ನು ಮನನ ಮಾಡಬೇಕು. ಯಾರ ಹೆಸರು ಪಟ್ಟಿಯಲ್ಲಿರುವುದೋ ಅವರು ಮನೆಯವರು. ಯಾರದು ಇಲ್ಲವೋ ಅವರು ಹೊರಗಿನವರು.

ಎರಡನೆಯ ಪಕ್ಷವು ಅಭಿಮಾನಿಗಳದು. "ಕನ್ನಡದ ವರ್ಣಮಾಲೆಯು ಕಂಠ, ತಾಲು, ಮೂರ್ಧ, ದಂತ, ಓಷ್ಠಗಳ ಕ್ರಮದಲ್ಲಿ ಜೋಡಿಸಲ್ಪಟ್ಟ ಶಾಸ್ತ್ರೀಯವಾದ ಮಾಲೆ, ನುಡಿದಂತೆ ಬರೆಯುವ, ಬರೆದಂತೆ ನುಡಿಯುವ ಭಾಷೆಗೆ ಇಂಥ ಊರುಗೋಲು ಬೇಡ" ಎಂದು ಅವರು ವಾದಿಸುತ್ತಾರೆ. ಈ ಅಭಿಮಾನವು ಶ್ಲಾಘ್ಯವೇ ಆದರೂ ವಾದವು ನಿಲ್ಲತಕ್ಕದ್ದಲ್ಲ. ಇಂಗ್ಲಿಷಿನ ಎಂಟು ಹೆಸರುಗಳು ಒಂದೇ ಸ್ವರದಲ್ಲಿ ಮುಗಿದರೆ, ಕನ್ನಡದ ವ್ಯಂಜನಗಳು ಕಕಾರ ಮೊದಲ್ಗೊಂಡು ಳಕಾರದ ವರೆಗೆ ಎಲ್ಲವೂ ಅಕಾರದಲ್ಲಿಯೇ ಮುಗಿಯುತ್ತವೆ. ವರ್ಗಕ್ರಮವು ಶಾಸ್ತ್ರೀಯವಾಗಿರುವುದರಿಂದಲೇ ಒಂದನ್ನೊಂದು ಹೋಲುವ ಧ್ವನಿಗಳು ಅಕ್ಕಪಕ್ಕದಲ್ಲಿ ಕುಳಿತಿವೆ. ಪಕಾರವನ್ನೂ ಬಕಾರವನ್ನೂ, ಬಕಾರವನ್ನೂ ಭಕಾರವನ್ನೂ ಕೆಟ್ಟ ತಂತಿಯಲ್ಲಿ ಬೇರ್ಪಡಿಸುವುದು ಪಂಡಿತನಿಗೂ ಕಷ್ಟ. ವೈಯಾಕರಣರು "ಕಾರ" ಶಬ್ದವನ್ನು ಸೇರಿಸಿ ವರ್ಣವನ್ನು ಹೆಸರಿಸುವ ಕ್ರಮವನ್ನು ಕಲಿಸಿದರು. ಆದರೆ ಅದು ಎಲ್ಲ ವರ್ಣಗಳಿಗೂ ಸಮಾನವಾದುದರಿಂದ ಇಲ್ಲಿ ಉಪಯೋಗಕ್ಕೆ ಬಾರದು.

ಪ್ರಾಚೀನರು ಉಚ್ಚಾರದೋಷವನ್ನು ಎಂದೂ ಲಘುವಾಗಿ ಎಣಿಸಿದವರಲ್ಲ. ತ್ವಷ್ಟೃವು ಇಂದ್ರನನ್ನು ಕೊಲ್ಲುವ ಮಗನಿಗಾಗಿ ಹೋಮ ಮಾಡುವಾಗ "ಇಂದ್ರಶತ್ರು" ಎಂಬ ಪದದ ಸ್ವರವು ತಪ್ಪಿ, ಇಂದ್ರನನ್ನು ಕೊಲ್ಲುವವನು ಎಂಬ ಅರ್ಥವು ಹೋಗಿ, ಇಂದ್ರನೇ ಯಾರನ್ನು ಕೊಲ್ಲುವನೋ ಅವನು ಎಂಬ ಅರ್ಥವು ಬಂದಿತು, ವೃತ್ರನು ಹತನಾದನು. ಪತಂಜಲಿಯು ಮಹಾಭಾಷ್ಯದ ಆರಂಭದಲ್ಲಿಯೇ ಈ ದೃಷ್ಟಾಂತವನ್ನು ಎತ್ತಿಕೊಂಡಿದ್ದಾನೆ. ವೇದಪಾಠಕರು ಇಂಥ ಅನಾಹುತವನ್ನು ತಪ್ಪಿಸಲು ಒಂದೇ ಪಾಠವನ್ನು ನಂಬದೆ ಪದ, ಕ್ರಮ, ಜಟೆ, ಘನ ಎಂದು ಬೇರೆ ಬೇರೆ ಪಾಠಗಳನ್ನು ಏರ್ಪಡಿಸಿಕೊಂಡರು. ಜಟಾಪಾಠದಲ್ಲಿ ಒಂದು–ಎರಡು, ಎರಡು–ಒಂದು, ಒಂದು–ಎರಡು ಎಂದು ಪದಗಳನ್ನು ಮುಂದಕ್ಕೂ ಹಿಂದಕ್ಕೂ ಹೆಣೆಯುತ್ತಾರೆ. ಒಂದು ಕಡೆಯ ತಪ್ಪನ್ನು ಇನ್ನೊಂದು ಕಡೆಯು ಹಿಡಿಯಬೇಕೆಂಬುದೇ ಅದರ ತಾತ್ಪರ್ಯ. ಹೇಳಿದುದನ್ನು ಮತ್ತೊಂದು ರೂಪದಲ್ಲಿ ಹೇಳಿ ದೃಢಪಡಿಸಿಕೊಳ್ಳುವುದು ಈ ನಾಡಿಗೆ ಪರದೇಶದಿಂದ ಬಂದ ವಿದ್ಯೆಯಲ್ಲ.

ಹಳ್ಳಿಯ ಶಾಲೆಯಲ್ಲಿಯೂ ಈ ವಿದ್ಯೆಯುಂಟು. "ಅ ಅರಸ, ಆ ಆನೆ, ಇ ಇಲಿ" ಎಂದು ಮೊದಲನೆಯ ತರಗತಿಯ ಮಕ್ಕಳು ಕಲಿಯುವುದು ಇದೇ ಅಲ್ಲವೇ? ಣಕಾರ ಳಕಾರಗಳಿಂದ ಮೊದಲಾಗುವ ಮಾತು ಕನ್ನಡದಲ್ಲಿ ಇಲ್ಲದುದರಿಂದ, "ಬಾಣದ ಣ, ಕೊಳದ ಳ" ಎಂದು ಉಪಾಧ್ಯಾಯರು ಹೇಳಿಕೊಡುತ್ತಾರೆ. ಶಕಾರ ಷಕಾರಗಳ ಗೊಂದಲವನ್ನು ನೀಗಲು "ಹೊಟ್ಟೆ ಸೀಳಿದ ಷ" ಎಂಬ ಮಾತೇ ಜನರ ಬಾಯಲ್ಲಿ ಹುಟ್ಟಿದೆ. "ಬಿ ಫಾರ್ ಬಾಲ್" ಎಂಬ ಪರಕೀಯ ಜಾಡಿಗಿಂತ "ಬೀದರದ ಬ, ಭಾಲ್ಕಿಯ ಭ, ಹುಮನಾಬಾದಿನ ಹ, ಚಿಟಗುಪ್ಪದ ಚ" ಎಂಬ ಷಷ್ಠೀ ವಿಭಕ್ತಿಯ ಜಾಡು ಎಷ್ಟು ಸಹಜ! ಪಟ್ಟಿಯನ್ನು ಹೊಸದಾಗಿ ಕಲ್ಪಿಸಬೇಕಾದುದಿಲ್ಲ. ಇದ್ದುದನ್ನು ಆಯ್ದು ನಿಶ್ಚಯಿಸಬೇಕಾಗಿದೆ, ಅಷ್ಟೇ.

ಮೂರನೆಯ ಪಕ್ಷವು ಆಲಸ್ಯದ್ದು. "ಯಂತ್ರಗಳು ದಿನದಿನಕ್ಕೆ ಚತುರವಾಗುತ್ತಿವೆ, ಇನ್ನು ಕೆಲವು ವರ್ಷಗಳಲ್ಲಿ ಯಾವ ಪಟ್ಟಿಯೂ ಬೇಕಾಗುವುದಿಲ್ಲ, ಆ ವರೆಗೆ ಸುಮ್ಮನಿರುವುದೇ ಲೇಸು" ಎಂಬುದು ಅವರ ಮತ. ಯಂತ್ರವು ಎಷ್ಟು ಚತುರವಾದರೂ ತಂತಿಯಲ್ಲಿ ಬಾರದ ಧ್ವನಿಯನ್ನು ಕೇಳಲಾರದು. ಅರ್ಥವಿಲ್ಲದ ಅಕ್ಷರವನ್ನು ಅರ್ಥದಿಂದ ಊಹಿಸಲಾರದು. ಅದಲ್ಲದೆ, ಯಂತ್ರವು ತಾನಾಗಿ ಕಲಿಯತಕ್ಕದ್ದಲ್ಲ. ಯಾರ ಧ್ವನಿಯನ್ನು ಅದಕ್ಕೆ ಉಣಿಸುತ್ತಾರೋ ಅವರ ಭಾಷೆಯನ್ನು ಕಲಿಯುತ್ತದೆ. ಕೇಂದ್ರ ಸರಕಾರವು ೨೦೨೨ರಲ್ಲಿ ಲೋಕಾರ್ಪಣೆ ಮಾಡಿದ "ಭಾಷಿಣಿ" ಯೋಜನೆಯಲ್ಲಿ "ಭಾಷಾದಾನ"ವೆಂಬ ಹೆಸರಿನಿಂದ ಜನರ ಧ್ವನಿಗಳನ್ನು ಸಂಗ್ರಹಿಸುವ ಏರ್ಪಾಡುಂಟು. ಉರ್ದು, ಮರಾಠಿ, ತೆಲುಗುಗಳ ನೆರೆಯಲ್ಲಿ ಬೆಳೆದ ಬೀದರ ಸೀಮೆಯ ಕನ್ನಡವು ಅಂಥ ಸಂಗ್ರಹಗಳಲ್ಲಿ ಸೇರದಿದ್ದರೆ, ಮುಂದಿನ ಚತುರ ಯಂತ್ರವೂ ಈ ಸೀಮೆಯವರಿಗೆ ಇಂದಿನದರಷ್ಟೇ ಕಿವುಡಾಗಿರುತ್ತದೆ. ಸುಮ್ಮನಿರುವುದರಿಂದ ಲೇಸಾದುದು ಯಾವ ಭಾಷೆಗೂ ಇಲ್ಲ.

ಹೀಗೆ ಪೂರ್ವಪಕ್ಷಗಳು ಪರಿಹೃತವಾದ ಮೇಲೆ ಸಿದ್ಧಾಂತವನ್ನು ಹೇಳತಕ್ಕದ್ದು. ಅದು ನಾಲ್ಕು ಅಂಗಗಳುಳ್ಳದ್ದು.

ಒಂದನೆಯದಾಗಿ, ಅಂಕಗಳಿಂದ ಆಗುವ ಕೆಲಸಕ್ಕೆ ಅಕ್ಷರಗಳನ್ನು ಕೇಳಬಾರದು. ಆಧಾರ್ ಸಂಖ್ಯೆಯು ೧೨ ಅಂಕಗಳದು. ರೈಲಿನ ಟಿಕೀಟಿನ ಪಿಎನ್‌ಆರ್ ೧೦ ಅಂಕಗಳದು. ಆಧಾರಿನ ಕಡೆಯ ಅಂಕವು ಹಿಂದಿನ ಅಂಕಗಳಿಗೆ ಸಾಕ್ಷಿಯಾದದ್ದು. ಹಾಲೆಂಡಿನ ವರ್ಹೂಫ್ ಎಂಬ ಗಣಿತಜ್ಞನು ೧೯೬೯ರಲ್ಲಿ ಪ್ರಕಟಿಸಿದ ಕ್ರಮದಂತೆ, ಒಂದು ಅಂಕವು ತಪ್ಪಿದರೂ ನೆರೆಯ ಎರಡು ಅಂಕಗಳು ಅದಲುಬದಲಾದರೂ ಅದರಿಂದ ಗೊತ್ತಾಗುತ್ತದೆ. ಅಂಕವನ್ನು ಬಾಯಿಂದ ಹೇಳಬೇಕಾದುದೂ ಇಲ್ಲ, ಗುಂಡಿಯನ್ನು ಒತ್ತಿದರೆ ಸಾಕು. ಒಂದೊಂದು ಗುಂಡಿಗೆ ಎರಡೆರಡು ನಾದಗಳನ್ನು ಜೋಡಿಸಿದ ಆ ಕ್ರಮವು ಅಮೆರಿಕದಲ್ಲಿ ೧೯೬೩ರಿಂದಲೂ ಬಳಕೆಯಲ್ಲಿದೆ. ಬೆರಳಿಗೆ ಉಚ್ಚಾರದೋಷವಿಲ್ಲ. ಸಾದಾ ಫೋನಿನವರೂ ಹಣ ಕಳುಹಿಸಲೆಂದು ರಿಸರ್ವ್ ಬ್ಯಾಂಕು ೨೦೨೨ರ ಮಾರ್ಚಿನಲ್ಲಿ ಜಾರಿಗೆ ತಂದ ಯುಪಿಐ ೧೨೩ಪೇ ಏರ್ಪಾಡಿನ ಒಂದು ಮಾರ್ಗವು ಇಂಥ ಯಂತ್ರಧ್ವನಿಯ ಕರೆಯೇ. ಹಣವನ್ನೇ ಅಂಕಗಳಿಂದ ಸಾಗಿಸಬಹುದಾದರೆ ಹಣ ಬಂದಿತೇ ಎಂಬ ಪ್ರಶ್ನೆಗೆ ಅಕ್ಷರಗಳ ಪರೀಕ್ಷೆಯೇಕೆ?

ಎರಡನೆಯದಾಗಿ, ಅಕ್ಷರವು ಅನಿವಾರ್ಯವಾದಲ್ಲಿ ಕನ್ನಡದ ಪದದಿಂದ ಹೇಳಿದುದನ್ನು ಯಂತ್ರವು ಒಪ್ಪಬೇಕು. ಇಂಗ್ಲಿಷ್ ಅಕ್ಷರಗಳಿಗೂ ಕರ್ನಾಟಕದ ಊರುಗಳೇ ಸಾಕಷ್ಟು ಒದಗುತ್ತವೆ: ಎ ಎಂಬುದಕ್ಕೆ ಔರಾದ, ಬಿ ಬೀದರ, ಸಿ ಚಿಟಗುಪ್ಪ, ಡಿ ಧಾರವಾಡ, ಜಿ ಗದಗ, ಎಚ್ ಹುಮನಾಬಾದ, ಐ ಇಳಕಲ್, ಜೆ ಜಮಖಂಡಿ, ಕೆ ಕೊಪ್ಪಳ, ಎಲ್ ಲಿಂಗಸುಗೂರು, ಎಮ್ ಮೈಸೂರು, ಎನ್ ನರಗುಂದ, ಪಿ ಪಾವಗಡ, ಆರ್ ರಾಯಚೂರು, ಎಸ್ ಸಿಂಧನೂರು, ಟಿ ತುಮಕೂರು, ಯು ಉಡುಪಿ, ವಿ ವಿಜಯಪುರ, ಡಬ್ಲ್ಯು ವಾಡಿ, ವೈ ಯಾದಗಿರಿ. ಇ, ಎಫ್, ಒ, ಕ್ಯೂ, ಎಕ್ಸ್, ಜಡ್ ಎಂಬ ಆರಕ್ಕೆ ತಕ್ಕ ಊರು ದೊರೆಯದಿದ್ದರೆ ವಿಮಾನದವರ ಮಾಲೆಯಿಂದಲೇ ಪದಗಳನ್ನು ತೆಗೆದುಕೊಳ್ಳಲಿ. ಇಲ್ಲದುದನ್ನು ಸಾಲ ತರುವುದು ವಿವೇಕ. ಇದ್ದುದನ್ನು ಮಾರಿ ಸಾಲ ತರುವುದು ಅವಿವೇಕ. ಈ ಪಟ್ಟಿಯು ಸೂಚನೆಯ ಮಾತ್ರದ್ದು. ಯಾವ ಪದವು ಯಾವುದರೊಡನೆ ಗೊಂದಲವಾಗುತ್ತದೆಂಬುದನ್ನು ಬೀದರದಿಂದ ಚಾಮರಾಜನಗರದ ವರೆಗಿನ ಜನರ ಬಾಯಲ್ಲಿ ಹೇಳಿಸಿ ಪರೀಕ್ಷಿಸಿ, ಸರಿಹೋಗದುದನ್ನು ಬದಲಿಸಬೇಕು.

ಮೂರನೆಯದಾಗಿ, ಕೇಳಿದುದನ್ನು ಯಂತ್ರವು ಅದೇ ಪದಗಳಿಂದ ತಿರುಗಿ ಒಪ್ಪಿಸಬೇಕು. "ಬೀದರದ ಬಿ, ಹುಮನಾಬಾದಿನ ಎಚ್, ಸರಿಯೇ?" ಎಂದು ಕೇಳಿ, ಹೌದೆಂದ ಮೇಲೆಯೇ ಮುಂದುವರಿಯಬೇಕು. ಗುರುವು ಹೇಳಿದುದನ್ನು ಶಿಷ್ಯನು ಒಪ್ಪಿಸುವ ಪದ್ಧತಿಯು ಯಂತ್ರಕ್ಕೂ ಒಪ್ಪುತ್ತದೆ.

ನಾಲ್ಕನೆಯದಾಗಿ, ಎರಡು ಸಲ ತಪ್ಪಿದ ಮೇಲೆ ಕರೆಯನ್ನು ಕತ್ತರಿಸದೆ ಕನ್ನಡ ಬಲ್ಲ ಮನುಷ್ಯನ ಕಡೆಗೆ ತಿರುಗಿಸಬೇಕು. ರೈತರಿಗಾಗಿ ೨೦೦೪ರಲ್ಲಿ ಆರಂಭವಾದ ಕಿಸಾನ್ ಕರೆ ಕೇಂದ್ರದಲ್ಲಿ ಆಯಾ ಭಾಷೆ ಬಲ್ಲ ಮನುಷ್ಯರೇ ಉತ್ತರ ಕೊಡುವ ಏರ್ಪಾಡುಂಟು. ಬೆಳೆಯ ರೋಗಕ್ಕೆ ಸಿಕ್ಕುವ ಮನುಷ್ಯನು ಬೆಳೆಯ ಹಣಕ್ಕೆ ಏಕೆ ಸಿಕ್ಕಬಾರದು?

ಈ ಕಾರ್ಯವನ್ನು ಯಾರು ಕೈಕೊಳ್ಳಬೇಕೆಂಬುದೂ ಸ್ಪಷ್ಟವೇ ಇದೆ. ೧೯೧೫ರಲ್ಲಿ ಸ್ಥಾಪಿತವಾದ ಕನ್ನಡ ಸಾಹಿತ್ಯ ಪರಿಷತ್ತೂ ಕನ್ನಡ ಅಭಿವೃದ್ಧಿ ಪ್ರಾಧಿಕಾರವೂ ಕೂಡಿ ಪಟ್ಟಿಯನ್ನು ನಿಶ್ಚಯಿಸಲಿ; ರಾಜ್ಯ ಸರಕಾರವು ತನ್ನ ಕಚೇರಿಗಳ ದೂರವಾಣಿಗಳಲ್ಲಿ ಅದನ್ನು ಮೊದಲು ಜಾರಿಗೆ ತರಲಿ; ಶಾಲೆಗಳ ಗೋಡೆಯ ಮೇಲೆ ಅದನ್ನು ಬರೆಯಿಸಲಿ. ರಾಜ್ಯದ ಅಧಿಕೃತ ಭಾಷಾ ಶಾಸನವು ೧೯೬೩ರದು. ಕಾಗದದ ಮೇಲೆ ಕನ್ನಡಕ್ಕೆ ಸಿಕ್ಕ ಸ್ಥಾನವು ಕಿವಿಯಲ್ಲಿಯೂ ಸಿಕ್ಕದಿದ್ದರೆ ಆ ಶಾಸನವು ಅರ್ಧ ಮಾತ್ರ ನಡೆದಂತೆ.

ಬಸವಕಲ್ಯಾಣ ಹುಮನಾಬಾದುಗಳವರಿಗೆ ಈ ಮಾತು ವಿಶೇಷವಾಗಿ ತಿಳಿಯಬೇಕು. ೧೯೪೮ರ ಸೆಪ್ಟೆಂಬರಿನ ವರೆಗೆ ಈ ಸೀಮೆಯು ನಿಜಾಮರ ರಾಜ್ಯದಲ್ಲಿತ್ತು. ದಫ್ತರದ ಭಾಷೆ ಉರ್ದು. ತನ್ನ ಹೊಲದ ಕಾಗದವನ್ನು ಓದಿಸಿಕೊಳ್ಳಲು ಕನ್ನಡದ ರೈತನು ಉರ್ದು ಬಲ್ಲವರ ಮನೆಯ ಕಟ್ಟೆಯ ಮೇಲೆ ಕಾಯಬೇಕಾಗಿತ್ತು. ಉರ್ದು ಸವಿಯಾದ ಭಾಷೆ, ಈ ಊರುಗಳ ಅನೇಕರ ಮನೆಮಾತು. ದೋಷವು ಭಾಷೆಯದಲ್ಲ, ಪ್ರಜೆಯ ಭಾಷೆಯನ್ನು ಕೇಳದ ಕಚೇರಿಯದು. ೧೯೫೬ರ ನವೆಂಬರ್ ೧ರಂದು ಈ ಸೀಮೆಯು ಕನ್ನಡದ ರಾಜ್ಯವನ್ನು ಸೇರಿದಾಗ ಆ ಕಾಯುವಿಕೆ ಮುಗಿಯಿತೆಂದು ಹಿರಿಯರು ತಿಳಿದರು. ಇಂದು ಅದೇ ರೈತನ ಮೊಮ್ಮಗನು ಫೋನನ್ನು ಕಿವಿಗೆ ಹಚ್ಚಿಕೊಂಡು ಯಂತ್ರದ ಕಟ್ಟೆಯ ಮೇಲೆ ಕಾಯುತ್ತಿದ್ದಾನೆ.

ಹನ್ನೆರಡನೆಯ ಶತಮಾನದಲ್ಲಿ ಇದೇ ಕಲ್ಯಾಣದಲ್ಲಿ ಕೂಡಿದ ಶರಣರು, ಮಡಿವಾಳರೂ ಅಂಬಿಗರೂ ಆದವರು, ದೇವರೊಡನೆ ಮಾತನಾಡಲು ತಮ್ಮ ಮನೆಯ ಕನ್ನಡವೇ ಸಾಕೆಂದು ತೋರಿಸಿದರು. ಅದೇ ಊರಿನವನು ಬ್ಯಾಂಕಿನ ಯಂತ್ರದೊಡನೆ ಮಾತನಾಡಲು ಆಲ್ಫಾ–ಬ್ರಾವೋಗಳನ್ನು ಬಾಯಿಪಾಠ ಮಾಡಬೇಕೆನ್ನುವವರು ತಮ್ಮ ಮಾತನ್ನು ಇನ್ನೊಮ್ಮೆ ವಿಚಾರ ಮಾಡಲಿ.